ಯಾರಿಗೆ ಫಲಿಸೀತು ಈ ಮದ್ದು?

ನಮ್ಮ ಹಳ್ಳಿಗಾಡಿನಲ್ಲಿ ಕಾಮಾಲೆಗೆ ಮದ್ದು ಕೊಡುವ ಮನೆತನಗಳಿಗೆ ಬರವಿಲ್ಲ. ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಸೊಪ್ಪಿನ ರಸ, ಅದರ ಬೆನ್ನಿಗೆ ಕಟ್ಟುನಿಟ್ಟಿನ ಪಥ್ಯ. ಮೂರು ನಾಲ್ಕು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ಮದ್ದು ಕೊಟ್ಟವರ ಹೆಸರು ಊರೂರಿಗೆ ಹಬ್ಬುತ್ತದೆ. ಕಲುಷಿತ ನೀರು ಮತ್ತು ಆಹಾರದಿಂದ ಬರುವ ‘ಎ’ ಮತ್ತು ‘ಇ’ ಬಗೆಯ ಕಾಮಾಲೆ ಬಹುಪಾಲು ಮಂದಿಯಲ್ಲಿ ತಾನಾಗಿಯೇ ವಾಸಿಯಾಗುವಂಥದು. ತಾನಾಗಿ ವಾಸಿಯಾಗುವ ರೋಗದಲ್ಲಿ ಯಾವ ಮದ್ದೂ ಫಲಿಸಿದಂತೆಯೇ ಕಾಣುತ್ತದೆ. ಈ ಮದ್ದು ಯಾರಿಗೆ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಆದರೆ ರಕ್ತದ ಮೂಲಕ ಹರಡುವ ‘ಬಿ’ ಮತ್ತು ‘ಸಿ’ ಹೆಪಟೈಟಿಸ್ ವೈರಸ್‌ಗಳ ಜಾಯಮಾನ ಬೇರೆ. ‘ಸಿ’ ವೈರಸ್ ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಅದು ಕಾಯಂ ಆಗಿ ನೆಲೆಸುತ್ತದೆ. ಹುಟ್ಟುವಾಗಲೇ ತಾಯಿಯಿಂದ ‘ಬಿ’ ವೈರಸ್ ಪಡೆದ ಮಗುವಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಹತ್ತು, ಇಪ್ಪತ್ತು, ಮೂವತ್ತು ವರ್ಷ ಯಾವ ಸದ್ದೂ ಮಾಡದೆ ಯಕೃತ್ತನ್ನು ಕೊರೆದು, ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ರೂಪದಲ್ಲಿ ಅದು ಹೊರಬೀಳಬಹುದು. ಇಂಥ ರೋಗಕ್ಕೆ ಮೊದಲ ಮದ್ದು ಸಿಕ್ಕಾಗ ಅದು ಕೆಲವರಿಗೆ ಮಾತ್ರ ಫಲಿಸಿತು. ಫಲಿಸದವರೂ ಅದರ ಕಷ್ಟವನ್ನೆಲ್ಲ ಉಂಡರು. ಹಾಗಾಗಿ ‘ಯಾರಿಗೆ ಫಲಿಸೀತು’ ಎಂಬುದನ್ನು ಮೊದಲೇ ತಿಳಿಯುವ ಪ್ರಯತ್ನ ವೈದ್ಯಲೋಕದಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ನಡೆಯಿತು. ಆ ಪ್ರಯತ್ನದ ಕಥೆ ಕುತೂಹಲಕರವಾದದ್ದು, ಅದು ಮುಗಿದ ರೀತಿಯಂತೂ ಇನ್ನಷ್ಟು ವಿಚಿತ್ರವಾದದ್ದು.

ವೈರಸ್ ಕಾಣುವ ಮೊದಲೇ ಚಿಕಿತ್ಸೆ

ಕಥೆ ಆರಂಭವಾಗುವುದು 1957ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ. ವೈರಸ್ ದಾಳಿಗೆ ಒಳಗಾದ ಜೀವಕೋಶ ಒಂದು ಪದಾರ್ಥವನ್ನು ಹೊರಸೂಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ ಎಂಬುದನ್ನು ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದರು. ಎಚ್ಚೆತ್ತ ಕೋಶಗಳು ವೈರಸ್ಸಿಗೆ ಬಾಗಿಲು ಮುಚ್ಚುತ್ತವೆ. ಈ ಪದಾರ್ಥಕ್ಕೆ ಅವರಿಟ್ಟ ಹೆಸರು ಇಂಟರ್‌ಫೆರಾನ್. ಮೊದಮೊದಲು ಅದು ಚಿನ್ನಕ್ಕಿಂತ ದುರ್ಲಭವಾಗಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಾರಿ ಕಾಂಟೆಲ್ ದಾನಿಗಳ ರಕ್ತದ ಬಿಳಿಕಣಗಳಿಂದ ಅದನ್ನು ಅಷ್ಟಷ್ಟೇ ತೆಗೆಯುತ್ತಿದ್ದರು. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಇಂಥ ಇಂಟರ್‌ಫೆರಾನನ್ನು ದೀರ್ಘಕಾಲದ ‘ಬಿ’ ಹೆಪಟೈಟಿಸ್ ರೋಗಿಗಳಿಗೆ ಕೊಟ್ಟು, ರಕ್ತದಲ್ಲಿ ವೈರಸ್ಸಿನ ಗುರುತುಗಳು ಇಳಿದದ್ದನ್ನು ವರದಿ ಮಾಡಿದರು. 1980ರ ವೇಳೆಗೆ ಚಾರ್ಲ್ಸ್ ವೈಸ್‌ಮನ್ ಮತ್ತು ಸಂಗಡಿಗರು ಇಂಟರ್‌ಫೆರಾನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅಲ್ಲಿಯೇ ಅದು ತಯಾರಾಗುವಂತೆ ಮಾಡಿದರು. ದುರ್ಲಭ ವಸ್ತು ಔಷಧವಾಯಿತು.

ಅಷ್ಟರಲ್ಲಿ ಇನ್ನೊಂದು ಒಗಟು ಎದ್ದಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹಾರ್ವೆ ಆಲ್ಟರ್ ಮತ್ತು ಸಹೋದ್ಯೋಗಿಗಳು ರಕ್ತ ಪಡೆದ ನಂತರ ಯಕೃತ್ತಿನ ಉರಿಯೂತಕ್ಕೆ ಒಳಗಾದವರನ್ನು ಪರೀಕ್ಷಿಸುತ್ತಿದ್ದರು. 1975ರಲ್ಲಿ ಅವರು ಹೇಳಿದ್ದು ಇಷ್ಟು: ಇವರಲ್ಲಿ ಬಹಳ ಮಂದಿಗೆ ಬಂದಿರುವುದು ‘ಎ’ ಅಲ್ಲ, ‘ಬಿ’ಯೂ ಅಲ್ಲ. ಹೆಸರಿಲ್ಲದ ಆ ರೋಗಕ್ಕೆ ‘ಎ-ಅಲ್ಲದ ಬಿ-ಅಲ್ಲದ ಹೆಪಟೈಟಿಸ್’ ಎಂಬ ಹೆಸರೇ ಖಾಯಮ್ಮಾಯಿತು.

1986ರಲ್ಲಿ ಅದೇ ಸಂಸ್ಥೆಯ ಜೇ ಹೂಫ್‌ನೇಗಲ್ ತಂಡ ಇಂಥ ಹತ್ತು ರೋಗಿಗಳಿಗೆ ಇಂಟರ್‌ಫೆರಾನ್ ಕೊಟ್ಟು ನೋಡಿತು. ವೈರಸ್ ಯಾವುದೆಂದು ಯಾರಿಗೂ ಗೊತ್ತಿಲ್ಲದ ಕಾಲ ಅದು. ಯಕೃತ್ತಿನ ಕೋಶಗಳು ಹಾನಿಗೊಂಡಾಗ ರಕ್ತಕ್ಕೆ ಸೋರುವ ಎಎಲ್‌ಟಿ ಎಂಬ ಕಿಣ್ವದ ಏರಿಳಿತವೊಂದೇ ಅವರ ಕೈಯಲ್ಲಿದ್ದ ಅಳತೆಗೋಲು. ಹತ್ತರಲ್ಲಿ ಎಂಟು ಮಂದಿಯಲ್ಲಿ ಕಿಣ್ವ ಇಳಿಯಿತು. ಮದ್ದು ನಿಲ್ಲಿಸಿದಾಗ ಕೆಲವರಲ್ಲಿ ಮತ್ತೆ ಏರಿತು, ಕೆಲವರಲ್ಲಿ ಏರಲಿಲ್ಲ. ಹತ್ತೇ ಜನರ ಆ ಪುಟ್ಟ ಪ್ರಯೋಗದಲ್ಲಿಯೇ ಮುಂದಿನ ಇಪ್ಪತ್ತೈದು ವರ್ಷಗಳ ಪ್ರಶ್ನೆ ಅಡಗಿತ್ತು. ಇವರೇಕೆ ಗುಣವಾದರು? ಅವರೇಕೆ ಆಗಲಿಲ್ಲ?

ಒಂದು ವರ್ಷದ ತಪಸ್ಸು

1989ರಲ್ಲಿ ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಮತ್ತು ಅವರ ಸಹಯೋಗಿ ಡೇನಿಯಲ್ ಬ್ರಾಡ್ಲಿ ಆ ಅನಾಮಿಕ ವೈರಸ್ಸಿನ ವಂಶದ್ರವ್ಯದ ತುಣುಕನ್ನು ಹಿಡಿದರು. ಅದಕ್ಕೆ ‘ಸಿ’ ಎಂಬ ಅಕ್ಷರ ಸಿಕ್ಕಿತು. 1991ರಲ್ಲಿ ಅಮೆರಿಕ ಅದರ ಚಿಕಿತ್ಸೆಗೆ ಇಂಟರ್‌ಫೆರಾನ್ ಬಳಸಲು ಅನುಮತಿ ನೀಡಿತು. ರಕ್ತದಲ್ಲಿ ವೈರಸ್ಸನ್ನೇ ಎಣಿಸುವ ಪರೀಕ್ಷೆಯೂ ಬಂದಿತು. ಮದ್ದು ನಿಲ್ಲಿಸಿ ಆರು ತಿಂಗಳಾದ ಮೇಲೂ ವೈರಸ್ ಕಾಣದಿದ್ದರೆ ಮಾತ್ರ ಗುಣವಾಯಿತು ಎನ್ನುವುದು ನಿಯಮವಾಯಿತು.

ಈ ಹೊಸ ಅಳತೆಗೋಲು ಇಟ್ಟಾಗ ಹಳೆಯ ಉತ್ಸಾಹ ಇಳಿಯಿತು. 1998ರಲ್ಲಿ ಪ್ರಕಟವಾದ ದೊಡ್ಡದೊಂದು ಅಮೆರಿಕನ್ ಪ್ರಯೋಗದಲ್ಲಿ ಬರಿಯ ಇಂಟರ್‌ಫೆರಾನನ್ನು 48 ವಾರ ಪಡೆದವರಲ್ಲಿ ಗುಣವಾದವರು ಶೇ 13 ಮಾತ್ರ. ರೈಬಾವಿರಿನ್ ಎಂಬ ಮಾತ್ರೆಯನ್ನು ಜೊತೆಗೂಡಿಸಿದಾಗ ಅದು ಶೇ 38ಕ್ಕೆ ಏರಿತು. ದೇಹದಲ್ಲಿ ನಿಧಾನವಾಗಿ ಕರಗುವಂತೆ ಮಾರ್ಪಡಿಸಿದ ಇಂಟರ್‌ಫೆರಾನ್ ಬಂದ ಮೇಲೆ, 2002ರ ವರದಿಯ ಪ್ರಕಾರ, ಶೇ 56 ಆಯಿತು. ಅರ್ಧಕ್ಕಿಂತ ತುಸು ಹೆಚ್ಚು. ಮಿಕ್ಕ ಅರ್ಧ?

ಆ ಚಿಕಿತ್ಸೆ ಎಂಥದೆಂದು ತಿಳಿದರೆ ಈ ಪ್ರಶ್ನೆಯ ಭಾರ ಅರ್ಥವಾಗುತ್ತದೆ. ಮೊದಲಿಗೆ ವಾರಕ್ಕೆ ಮೂರು, ಆಮೇಲೆ ವಾರಕ್ಕೊಂದು ಚುಚ್ಚುಮದ್ದು. ಸುಮಾರು ಒಂದು ವರ್ಷ. ಚುಚ್ಚಿಸಿಕೊಂಡ ರಾತ್ರಿ ಚಳಿ, ಜ್ವರ, ಮೈಕೈ ನೋವು. ಕೂದಲು ಉದುರುವುದು, ಬಿಳಿರಕ್ತಕಣಗಳು ಇಳಿಯುವುದು, ರೈಬಾವಿರಿನ್ನಿನಿಂದ ರಕ್ತಹೀನತೆ. ಎಲ್ಲಕ್ಕಿಂತ ಕಷ್ಟವಾದದ್ದು ಮನಸ್ಸಿಗೆ ಕವಿಯುತ್ತಿದ್ದ ಖಿನ್ನತೆ. ಆತ್ಮಹತ್ಯೆಯ ಯೋಚನೆಯವರೆಗೂ ಅದು ಒಯ್ಯುತ್ತಿದ್ದುದುಂಟು. ಖರ್ಚಂತೂ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥದಲ್ಲ. ಇಷ್ಟೆಲ್ಲ ಸಹಿಸಿ ವರ್ಷದ ಕೊನೆಗೆ ‘ನಿಮಗೆ ಇದು ಹಿಡಿಯಲಿಲ್ಲ’ ಎಂಬ ಮಾತು ಕೇಳಬೇಕಾದವರ ಪಾಡನ್ನು ಊಹಿಸಿಕೊಳ್ಳಬಹುದು. ಮೊದಲೇ ತಿಳಿಯುವಂತಿದ್ದರೆ ಎಂದು ವೈದ್ಯರೂ ರೋಗಿಗಳೂ ಹಂಬಲಿಸಿದ್ದು ಸಹಜ.

ಲಕ್ಷಣಗಳ ಪಟ್ಟಿ

ಮೊದಲ ಸುಳಿವು ಸಿಕ್ಕಿದ್ದು ವೈರಸ್ಸಿನ ಕುಲದಲ್ಲಿ. ‘ಸಿ’ ವೈರಸ್ ಒಂದೇ ಅಲ್ಲ. 1990ರ ದಶಕದಲ್ಲಿ ಅದರಲ್ಲಿ ಆರು ಮುಖ್ಯ ಪ್ರಭೇದಗಳನ್ನು ಗುರುತಿಸಲಾಯಿತು. ಅಮೆರಿಕ, ಯುರೋಪು, ಜಪಾನುಗಳಲ್ಲಿ ಹೆಚ್ಚಾಗಿರುವ ಒಂದನೆಯ ಪ್ರಭೇದ ಇಂಟರ್‌ಫೆರಾನಿಗೆ ಜಗ್ಗುತ್ತಿರಲಿಲ್ಲ. ಎರಡು ಮತ್ತು ಮೂರನೆಯವು ಬೇಗ ಮಣಿಯುತ್ತಿದ್ದವು. 2002ರ ಪ್ರಯೋಗದಲ್ಲಿ ಒಂದನೆಯದರಲ್ಲಿ ಶೇ 46, ಎರಡು-ಮೂರರಲ್ಲಿ ಶೇ 76 ಮಂದಿ ಗುಣವಾದರು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮೂರನೆಯದು. ಹಾಗಾಗಿ ಭಾರತದ ರೋಗಿಗಳು ಈ ಲೆಕ್ಕದಲ್ಲಿ ಅದೃಷ್ಟವಂತರು ಎನ್ನಿಸಿಕೊಂಡರು. ಈ ಮಾತನ್ನು ಓದುಗರು ನೆನಪಿಟ್ಟಿರಬೇಕು, ಮುಂದೆ ಇದಕ್ಕೆ ಬೇರೆಯೇ ತಿರುವು ಬರಲಿದೆ.

1998ರಲ್ಲಿ ಫ್ರಾನ್ಸಿನ ತಿಯರಿ ಪೊಯ್ನಾರ್ ಮತ್ತು ಸಂಗಡಿಗರು ಐದು ಶುಭಲಕ್ಷಣಗಳ ಪಟ್ಟಿ ಕೊಟ್ಟರು: ಎರಡು ಅಥವಾ ಮೂರನೆಯ ಪ್ರಭೇದ, ರಕ್ತದಲ್ಲಿ ಕಡಿಮೆ ವೈರಸ್, ನಲವತ್ತರ ಒಳಗಿನ ವಯಸ್ಸು, ಯಕೃತ್ತಿನಲ್ಲಿ ಹೆಚ್ಚು ಗಾಯದ ಕಲೆ ಇಲ್ಲದಿರುವುದು, ಹೆಣ್ಣಾಗಿರುವುದು. ಲಕ್ಷಣಗಳನ್ನು ಎಣಿಸಿ ಚಿಕಿತ್ಸೆ ಆರು ತಿಂಗಳೋ ಒಂದು ವರ್ಷವೋ ಎಂದು ನಿರ್ಧರಿಸುವ ಪದ್ಧತಿ ಬಂದಿತು. ಜಾತಕ ನೋಡಿ ಮುಹೂರ್ತ ಇಟ್ಟಂತೆ ಕಾಣಬಹುದು, ಆದರೆ ಇದರ ಹಿಂದೆ ಸಾವಿರಾರು ರೋಗಿಗಳ ಲೆಕ್ಕವಿತ್ತು.

ಎಲ್ಲ ಲೆಕ್ಕಗಳೂ ನಿಲ್ಲಲಿಲ್ಲ. ಜಪಾನಿನ ನೊಬುಯುಕಿ ಎನೊಮೊಟೊ ತಂಡ 1996ರಲ್ಲಿ ವೈರಸ್ಸಿನ ಒಂದು ಪ್ರೋಟೀನಿನ ಸಣ್ಣ ಭಾಗವನ್ನು ಪರಿಶೀಲಿಸಿ ಬೆರಗಾಗುವಂಥ ಫಲಿತಾಂಶ ಕೊಟ್ಟಿತು. ಆ ಭಾಗದಲ್ಲಿ ಬದಲಾವಣೆಯೇ ಇಲ್ಲದ ವೈರಸ್ ಹೊತ್ತ 30 ರೋಗಿಗಳಲ್ಲಿ ಒಬ್ಬರೂ ಗುಣವಾಗಲಿಲ್ಲ. ಹೆಚ್ಚು ಬದಲಾವಣೆ ಇದ್ದ 16 ಮಂದಿಯಲ್ಲಿ ಹದಿನಾರೂ ಮಂದಿ ಗುಣವಾದರು. ಇಷ್ಟು ಸ್ಪಷ್ಟವಾದ ಭವಿಷ್ಯ ವೈದ್ಯಶಾಸ್ತ್ರದಲ್ಲಿ ಅಪರೂಪ. ಆದರೆ ಯುರೋಪಿನ ವೈದ್ಯರು ತಮ್ಮ ರೋಗಿಗಳಲ್ಲಿ ಅದನ್ನೇ ಹುಡುಕಿದಾಗ ಈ ಸ್ಪಷ್ಟತೆ ಸಿಗಲಿಲ್ಲ. ಒಂದು ದೇಶದ ವೈರಸ್ಸಿನಲ್ಲಿ, ಒಂದು ಬಗೆಯ ರೋಗಿಗಳಲ್ಲಿ ಕಂಡ ನಿಯಮ ಲೋಕಕ್ಕೆಲ್ಲ ನಿಯಮವಾಗದು ಎಂಬ ಪಾಠ ಉಳಿಯಿತು.

ಇವೆಲ್ಲಕ್ಕಿಂತ ಬಾಳಿಕೆ ಬಂದದ್ದು ತೀರ ಸರಳವಾದ ಇನ್ನೊಂದು ಉಪಾಯ. 1998ರಲ್ಲಿ ಅವಿದಾನ್ ನ್ಯೂಮನ್, ಅಲನ್ ಪೆರೆಲ್ಸನ್ ಮೊದಲಾದವರು ಚಿಕಿತ್ಸೆಯ ಮೊದಲ ದಿನಗಳಲ್ಲಿ ರಕ್ತದ ವೈರಸ್ ಇಳಿಯುವ ವೇಗವನ್ನು ಗಣಿತದಿಂದ ವಿವರಿಸಿದರು. ರಕ್ತದಲ್ಲಿರುವ ವೈರಸ್ ಕಣಗಳಲ್ಲಿ ಅರ್ಧದಷ್ಟು ಮೂರು ಗಂಟೆಯೊಳಗೇ ಅಳಿಯುತ್ತವೆ, ದಿನವೊಂದಕ್ಕೆ ಸುಮಾರು ಒಂದು ಲಕ್ಷ ಕೋಟಿ ಹೊಸ ಕಣಗಳು ಹುಟ್ಟುತ್ತವೆ ಎಂದು ಅವರ ಲೆಕ್ಕ ತೋರಿಸಿತು. ಹಾಗಿದ್ದರೆ ಮದ್ದು ಹಿಡಿಯುತ್ತಿದೆಯೋ ಇಲ್ಲವೋ ಎಂಬುದು ವರ್ಷದ ಕೊನೆಯವರೆಗೂ ಗುಟ್ಟಾಗಿ ಉಳಿಯಬೇಕಿಲ್ಲ. 2002ರ ಪ್ರಯೋಗ ಇದನ್ನು ದೃಢಪಡಿಸಿತು: ಹನ್ನೆರಡನೆಯ ವಾರದ ಹೊತ್ತಿಗೆ ವೈರಸ್ ನೂರರಲ್ಲಿ ಒಂದು ಪಾಲಿಗಾದರೂ ಇಳಿಯದಿದ್ದವರಲ್ಲಿ ಶೇ 97 ಮಂದಿ ಕೊನೆಗೂ ಗುಣವಾಗಲಿಲ್ಲ. ಮೂರು ತಿಂಗಳಿಗೆ ಪರೀಕ್ಷೆ ಮಾಡಿ, ಇಳಿಯದಿದ್ದರೆ ನಿಲ್ಲಿಸಿ, ಉಳಿದ ಒಂಬತ್ತು ತಿಂಗಳ ನರಳಾಟ ತಪ್ಪಿಸಿ ಎಂಬ ನಿಯಮ ಎಲ್ಲೆಡೆ ಜಾರಿಗೆ ಬಂದಿತು. ರೋಗಿಯ ವಯಸ್ಸು, ಲಿಂಗ, ಮೂಲ ಯಾವುದನ್ನೂ ಕೇಳದ ನಿಯಮ ಅದು.

ಮೈಬಣ್ಣವೋ, ವಂಶವಾಹಿಯೋ

ಮೂಲವನ್ನು ಕೇಳುವ ಪ್ರಶ್ನೆಯೂ ಅಮೆರಿಕದಲ್ಲಿ ಎದ್ದಿತು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಚಿಕಿತ್ಸೆ ಪಡೆದ ಬಿಳಿಯರಲ್ಲಿ ಶೇ 52 ಮಂದಿ ಗುಣವಾದರೆ ಆಫ್ರಿಕನ್ ಮೂಲದವರಲ್ಲಿ ಶೇ 19 ಮಂದಿ ಮಾತ್ರ ಗುಣವಾದರು. ‘ಅವರು ಮದ್ದನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ’ ಎಂಬ ಗುಮಾನಿ ಇಂಥ ಕಡೆ ಬೇಗ ಹುಟ್ಟುತ್ತದೆ. ಅಂಕಿ ಅಂಶ ಕೈಯಲ್ಲಿ ಹಿಡಿದ ವೈದ್ಯ ‘ಇವರಿಗೆ ಹೇಗೂ ಫಲಿಸದು’ ಎಂದು ಚಿಕಿತ್ಸೆಯನ್ನೇ ಸೂಚಿಸದೆ ಇರುವ ಅಪಾಯವೂ ಇತ್ತು. ಮುನ್ಸೂಚನೆ ತೀರ್ಪಾಗಿ ಬಿಡುವುದು ಹೀಗೆ.

2009ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಗೋಲ್ಡ್‌ಸ್ಟೀನ್, ಜಾನ್ ಮೆಕ್‌ಹಚಿಸನ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ರೋಗಿಗಳ ಇಡೀ ವಂಶದ್ರವ್ಯವನ್ನು ಜಾಲಾಡಿ, ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ ಐಎಲ್28ಬಿ ಎಂಬ ಜೀನಿನ ಪಕ್ಕದ ಒಂದೇ ಒಂದು ಅಕ್ಷರದ ವ್ಯತ್ಯಾಸವನ್ನು ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ ಅನುಕೂಲದ ಅಕ್ಷರ ಪಡೆದವರು ಗುಣವಾಗುವ ಸಂಭವ ಇಬ್ಬರಿಂದಲೂ ಪ್ರತಿಕೂಲದ್ದನ್ನು ಪಡೆದವರಿಗಿಂತ ಸುಮಾರು ಎರಡು ಪಟ್ಟು. ಜಪಾನ್ ಮತ್ತು ಆಸ್ಟ್ರೇಲಿಯದ ತಂಡಗಳೂ ಅದೇ ವರ್ಷ ಅದೇ ಜಾಗಕ್ಕೆ ಬಂದು ಮುಟ್ಟಿದವು. ಅನುಕೂಲದ ಅಕ್ಷರ ಪೂರ್ವ ಏಷ್ಯಾದಲ್ಲಿ ಬಹಳ ಸಾಮಾನ್ಯ, ಆಫ್ರಿಕನ್ ಮೂಲದವರಲ್ಲಿ ಕಡಿಮೆ. ಬಿಳಿಯರಿಗೂ ಕರಿಯರಿಗೂ ಇದ್ದ ಅಂತರದಲ್ಲಿ ಸುಮಾರು ಅರ್ಧವನ್ನು ಈ ಒಂದು ಅಕ್ಷರವೇ ವಿವರಿಸಿತು. ಅನುಕೂಲದ ಅಕ್ಷರವಿದ್ದ ಆಫ್ರಿಕನ್ ಮೂಲದವರು ಅದಿಲ್ಲದ ಬಿಳಿಯರಿಗಿಂತ ಚೆನ್ನಾಗಿ ಗುಣವಾಗುತ್ತಿದ್ದರು. ಮೈಬಣ್ಣ ನೋಡಿ ಭವಿಷ್ಯ ಹೇಳುವುದು ಎಷ್ಟು ಒರಟು ಎಂಬುದು ಇದರಿಂದ ಬಯಲಾಯಿತು.

ಕಾರಣವೂ ಕ್ರಮೇಣ ತಿಳಿದುಬಂತು, ಅದೂ ನಿರೀಕ್ಷೆಗೆ ವಿರುದ್ಧವಾಗಿ. ಮದ್ದು ಹಿಡಿಯದವರ ಯಕೃತ್ತಿನಲ್ಲಿ ಎಚ್ಚರಿಕೆಯ ವ್ಯವಸ್ಥೆ ನಿದ್ದೆ ಮಾಡುತ್ತಿರಲಿಲ್ಲ; ಚಿಕಿತ್ಸೆಗೆ ಮೊದಲೇ ಅದು ಜೋರಾಗಿ ಕೆಲಸ ಮಾಡುತ್ತಿತ್ತು. ವರ್ಷಗಟ್ಟಲೆ ಗಂಟೆ ಬಾರಿಸುತ್ತಿರುವ ಊರಿನಲ್ಲಿ ಇನ್ನೊಂದು ಗಂಟೆ ಬಾರಿಸಿದರೆ ಯಾರು ಕಿವಿಗೊಟ್ಟಾರು? ಹೊರಗಿನಿಂದ ಕೊಟ್ಟ ಇಂಟರ್‌ಫೆರಾನ್ ಅಲ್ಲಿ ಹೊಸದೇನನ್ನೂ ಮಾಡಲಾರದಾಗಿತ್ತು. 2013ರಲ್ಲಿ ಲುದ್ಮಿಲಾ ಪ್ರೊಕುನಿನಾ-ಓಲ್ಸನ್ ತಂಡ ಅದೇ ಜಾಗದಲ್ಲಿ ಅಲ್ಲಿಯವರೆಗೆ ಗೊತ್ತಿರದ ಇನ್ನೊಂದು ಇಂಟರ್‌ಫೆರಾನಿನ ಜೀನನ್ನು ಪತ್ತೆಮಾಡಿತು. ಆ ಪ್ರೋಟೀನನ್ನು ತಯಾರಿಸಬಲ್ಲವರೇ ವೈರಸ್ಸನ್ನು ಕಳೆದುಕೊಳ್ಳುವುದರಲ್ಲಿ ಹಿಂದೆ ಬೀಳುತ್ತಿದ್ದರು.

ಭವಿಷ್ಯ ಹೇಳುವ ವಿದ್ಯೆ ಕೊನೆಗೂ ಪಕ್ವವಾಯಿತು. ಅಷ್ಟರಲ್ಲಿ ಮದ್ದೇ ಬದಲಾಯಿತು.

ಪಟ್ಟಿ ತಲೆಕೆಳಗಾದದ್ದು

ಇಂಟರ್‌ಫೆರಾನ್ ದೇಹವನ್ನು ಎಚ್ಚರಿಸುವ ಔಷಧ. ಹೊಸ ಮಾತ್ರೆಗಳು ದೇಹವನ್ನು ಕೇಳದೆ ವೈರಸ್ಸಿನ ಯಂತ್ರಕ್ಕೇ ನೇರವಾಗಿ ಕೈಹಾಕಿದವು. 1999ರಲ್ಲಿ ಜರ್ಮನಿಯ ರಾಲ್ಫ್ ಬಾರ್ಟೆನ್‌ಷ್ಲಾಗರ್ ತಂಡ ವೈರಸ್ಸಿನ ವಂಶದ್ರವ್ಯ ಪ್ರಯೋಗಾಲಯದ ಕೋಶಗಳಲ್ಲಿ ಪ್ರತಿಗೊಳ್ಳುವಂತೆ ಮಾಡಿದ್ದು ಇದಕ್ಕೆ ದಾರಿಮಾಡಿತ್ತು. 2011ರಲ್ಲಿ ಮೊದಲ ಮಾತ್ರೆಗಳು ಇಂಟರ್‌ಫೆರಾನಿನ ಜೊತೆಗಾರರಾಗಿ ಬಂದವು. 2013ರ ಡಿಸೆಂಬರಿನಲ್ಲಿ ಸೊಫೊಸ್‌ಬುವಿರ್ ಬಂದಿತು. ಮುಂದಿನ ವರ್ಷ ಅದರ ಜೊತೆ ಇನ್ನೊಂದು ಔಷಧ ಸೇರಿಸಿದ ಒಂದೇ ಮಾತ್ರೆ ಬಂದಾಗ, ಒಂದನೆಯ ಪ್ರಭೇದದ ರೋಗಿಗಳಲ್ಲಿ ಶೇ 90ಕ್ಕೂ ಮೀರಿ ಗುಣವಾದರು. ಹನ್ನೆರಡು ವಾರ ಸಾಕು, ಚುಚ್ಚುಮದ್ದು ಬೇಡ. ಆಫ್ರಿಕನ್ ಮೂಲದವರಲ್ಲೂ ಬಿಳಿಯರಲ್ಲೂ ಫಲ ಹೆಚ್ಚುಕಡಿಮೆ ಒಂದೇ. ಹತ್ತೊಂಬತ್ತನೆಯ ವರ್ಣತಂತುವಿನ ಆ ಅಕ್ಷರ ಯಾವುದಿದ್ದರೂ ವೈದ್ಯರು ಕೇಳುವ ಅಗತ್ಯ ಉಳಿಯಲಿಲ್ಲ. ಆ ಅಕ್ಷರವನ್ನು ಪತ್ತೆ ಮಾಡಿದವರಲ್ಲಿ ಒಬ್ಬರಾದ ಮೆಕ್‌ಹಚಿಸನ್ 2010ರಲ್ಲಿ ಗಿಲಿಯಡ್ ಕಂಪನಿ ಸೇರಿದ್ದರು, ಸೊಫೊಸ್‌ಬುವಿರನ್ನು ಮಾರುಕಟ್ಟೆಗೆ ತಂದದ್ದು ಅದೇ ಕಂಪನಿ.

ಮೂರನೆಯ ಪ್ರಭೇದದ ಕಥೆ ಇನ್ನೂ ವಿಚಿತ್ರ. ಇಂಟರ್‌ಫೆರಾನಿಗೆ ಸುಲಭವಾಗಿ ಮಣಿಯುತ್ತಿದ್ದ ಅದು ಹೊಸ ಮಾತ್ರೆಗೆ ಹಟ ಹಿಡಿಯಿತು. 2013ರ ಒಂದು ಪ್ರಯೋಗದಲ್ಲಿ, ಮೊದಲ ಚಿಕಿತ್ಸೆ ವಿಫಲವಾಗಿದ್ದವರಿಗೆ ಸೊಫೊಸ್‌ಬುವಿರ್ ಮತ್ತು ರೈಬಾವಿರಿನ್ ಹನ್ನೆರಡು ವಾರ ಕೊಟ್ಟಾಗ ಎರಡನೆಯ ಪ್ರಭೇದದವರಲ್ಲಿ ಶೇ 86, ಮೂರನೆಯದರವರಲ್ಲಿ ಶೇ 30 ಮಾತ್ರ ಗುಣವಾದರು. ಹತ್ತು ವರ್ಷ ‘ಅದೃಷ್ಟವಂತರು’ ಎನ್ನಿಸಿಕೊಂಡಿದ್ದ ಭಾರತದ ರೋಗಿಗಳು ಒಂದೇ ವರ್ಷದಲ್ಲಿ ‘ಕಷ್ಟಸಾಧ್ಯ’ರಾದರು. ಅವರ ದೇಹ ಬದಲಾಗಿರಲಿಲ್ಲ, ವೈರಸ್ಸೂ ಬದಲಾಗಿರಲಿಲ್ಲ. ಡಕ್ಲಾಟಾಸ್ವಿರ್, ಆಮೇಲೆ 2016ರಲ್ಲಿ ಎಲ್ಲ ಪ್ರಭೇದಗಳಿಗೂ ಸಲ್ಲುವ ವೆಲ್‌ಪಟಾಸ್ವಿರ್ ಬಂದ ಮೇಲೆ ಆ ಕಷ್ಟವೂ ಬಹುಮಟ್ಟಿಗೆ ಕಳೆಯಿತು. ಸಿರೋಸಿಸ್ ಆಗಿರುವವರಲ್ಲಿ ಮಾತ್ರ ಇಂದಿಗೂ ಹೆಚ್ಚಿನ ಎಚ್ಚರ ಬೇಕು.

ಈ ತಿರುವಿನಲ್ಲಿ ಒಂದು ಪಾಠವಿದೆ. ಕಾಲು ಶತಮಾನ ಕಾಲ ‘ಕೆಟ್ಟ ಲಕ್ಷಣ’ ಎಂದು ರೋಗಿಯ ಕಡತದಲ್ಲಿ ಬರೆದದ್ದರಲ್ಲಿ ಬಹುಪಾಲು ರೋಗಿಯ ದೋಷವೇ ಆಗಿರಲಿಲ್ಲ. ಅದು ಇಂಟರ್‌ಫೆರಾನಿನ ಮಿತಿಯಾಗಿತ್ತು. ಮದ್ದು ಬದಲಾದೊಡನೆ ಲಕ್ಷಣಗಳು ಅರ್ಥ ಕಳೆದುಕೊಂಡವು. ಹಾಗೆಂದು ಆ ದುಡಿಮೆ ವ್ಯರ್ಥವೆನ್ನಲಾಗದು. ಹನ್ನೆರಡನೆಯ ವಾರದ ನಿಯಮ ಎಷ್ಟೋ ಜನರ ನರಳಾಟವನ್ನು ಮೊಟಕುಗೊಳಿಸಿತು. ಮದ್ದು ಎಲ್ಲಿ ಸೋಲುತ್ತದೆ ಎಂದು ತಿಳಿದದ್ದರಿಂದಲೇ ಬೇರೆ ದಾರಿ ಹುಡುಕುವ ಒತ್ತಾಯವೂ ಹುಟ್ಟಿತು.

ಇಂದಿನ ಲಕ್ಷಣ ಯಾವುದು?

ಹೊಸ ಮದ್ದಿನ ಜೊತೆ ಹೊಸ ವಿಂಗಡಣೆಯೂ ಬಂದಿತು. ಅಮೆರಿಕದಲ್ಲಿ ಸೊಫೊಸ್‌ಬುವಿರ್ ಮಾತ್ರೆಯೊಂದರ ಬೆಲೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84 ಸಾವಿರ ಡಾಲರ್. ಅಲ್ಲಿನ ಅನೇಕ ರಾಜ್ಯಗಳ ಸರ್ಕಾರಿ ವಿಮೆ ಯಕೃತ್ತು ತೀರ ಹದಗೆಟ್ಟವರಿಗೆ ಮಾತ್ರ ಔಷಧ ಎಂದಿತು. ಫಲಿಸುವ ಮದ್ದು ಇದ್ದೂ, ಫಲಿಸುವುದು ಖಚಿತವಿದ್ದೂ, ಜನ ಕಾಯಬೇಕಾಯಿತು. ಬಡದೇಶಗಳಲ್ಲಿ ಬೇರೆ ದಾರಿ ತೆರೆಯಿತು. 2014ರಲ್ಲಿ ಗಿಲಿಯಡ್ ಏಳು ಭಾರತೀಯ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲಿ ಒಂದು. ಬೆಲೆ ಮೂಲಕ್ಕಿಂತ ಎಷ್ಟೋ ಪಟ್ಟು ಕುಸಿಯಿತು. ರೋಗ ಬಹಳವಾಗಿ ಹರಡಿದ್ದ ಈಜಿಪ್ಟ್ 2018-19ರಲ್ಲಿ ಕೋಟಿಗಟ್ಟಲೆ ಜನರ ರಕ್ತ ಪರೀಕ್ಷಿಸಿ ಚಿಕಿತ್ಸೆ ಕೊಟ್ಟಿತು. ಪಂಜಾಬ್ 2016ರಲ್ಲಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಉಚಿತ ಮಾತ್ರೆ ಹಂಚಲು ತೊಡಗಿತು. ಅಲ್ಲಿ ಚಿಕಿತ್ಸೆ ಮುಗಿಸಿ ಪರೀಕ್ಷೆಗೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಗುಣವಾದರು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದಂತೆ ದೇಶದೆಲ್ಲೆಡೆ ಪರೀಕ್ಷೆ ಮತ್ತು ಔಷಧ ಉಚಿತ. ಜುಲೈ 28 ‘ಬಿ’ ವೈರಸ್ಸಿನ ಗುರುತನ್ನು ಮೊದಲು ಕಂಡ ಬರೂಕ್ ಬ್ಲೂಂಬರ್ಗ್ ಹುಟ್ಟಿದ ದಿನ.

ಆ ‘ಬಿ’ ವೈರಸ್ಸಿನ ವಿಷಯದಲ್ಲಿ ಹಳೆಯ ಪ್ರಶ್ನೆ ಇನ್ನೂ ಜೀವಂತವಾಗಿದೆ. ಅದು ಯಕೃತ್ತಿನ ಕೋಶದ ಒಳಗರ್ಭದಲ್ಲಿ ತನ್ನ ಮೂಲಪ್ರತಿಯನ್ನು ಬಚ್ಚಿಟ್ಟುಕೊಳ್ಳುತ್ತದೆ. ಟೆನೊಫೊವಿರ್, ಎಂಟೆಕವಿರ್ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಬೇರುಸಹಿತ ಕೀಳುವುದು ಅಪರೂಪ. ಯಾರಿಗೆ ಈಗಲೇ ಮದ್ದು ಬೇಕು, ಯಾರು ಮಾತ್ರೆಯನ್ನು ಅಪಾಯವಿಲ್ಲದೆ ನಿಲ್ಲಿಸಬಹುದು ಎಂಬುದನ್ನು ಕಿಣ್ವ, ವೈರಸ್ಸಿನ ಪ್ರಮಾಣ, ಅದರ ಮೇಲ್ಮೈ ಪ್ರೋಟೀನು ಇವುಗಳಿಂದ ಅಂದಾಜು ಮಾಡುವ ಕೆಲಸ ನಡೆದೇ ಇದೆ. ಇಂದು ಆ ಅಂದಾಜು ಮಾಡುವ ವೈದ್ಯರು ‘ಸಿ’ ವೈರಸ್ಸಿನ ಕಥೆಯನ್ನು ಮರೆಯಬಾರದು. ಲಕ್ಷಣಗಳ ಪಟ್ಟಿ ರೋಗಿಗೆ ನೆರವಾಗಲು ಇದೆ, ಅವನನ್ನು ಸಾಲಿನಿಂದ ಹೊರಗೆ ಕಳಿಸಲು ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಲೋಕದಲ್ಲಿ ದೀರ್ಘಕಾಲದ ‘ಸಿ’ ಸೋಂಕು ಹೊತ್ತವರು ಸುಮಾರು 5 ಕೋಟಿ, ‘ಬಿ’ ಹೊತ್ತವರು 25 ಕೋಟಿಗೂ ಹೆಚ್ಚು. ಇವರಲ್ಲಿ ಬಹುಪಾಲು ಮಂದಿಗೆ ತಮ್ಮ ರಕ್ತದಲ್ಲಿ ಏನಿದೆ ಎಂಬುದೇ ತಿಳಿಯದು. ‘ಸಿ’ ರೋಗಿಯೊಬ್ಬ ಗುಣವಾದಾನೇ ಎಂದು ಇಂದು ಕೇಳಿದರೆ ಪ್ರಭೇದ, ವಯಸ್ಸು, ವಂಶವಾಹಿಗಳಿಗಿಂತ ಮೊದಲು ಬೇರೊಂದನ್ನು ಕೇಳಬೇಕಾಗುತ್ತದೆ: ಆತನ ರಕ್ತವನ್ನು ಒಮ್ಮೆಯಾದರೂ ಯಾರಾದರೂ ಪರೀಕ್ಷಿಸಿದ್ದಾರೆಯೇ?